ಕಮಲಾಪುರಕ್ಕೆ ಹೋದ ಕಸ

ನಿಜಾಮನ ಮೇಲೆ ಪೋಲೀಸ್ ಆಕ್ಷನ್ ಆದ ಮರುಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಕಮಲಾಪುರದ ಬಾಳೆತೋಟದ ಮನೆಯಿಂದ ಕಲಬುರಗಿಯ ಬ್ರಹ್ಮಪುರಕ್ಕೆ ಸೊಸೆಯಾಗಿ ಬಂದೆ. ಗಂಡನ ಮನೆಯಲ್ಲಿ ನನಗೆ ಮೊದಲ ಸಲ ಕಣ್ಣೀರು ಬಂದದ್ದು ಕಸದ ಸಲುವಾಗಿ ಎಂದರೆ ನನ್ನ ಮೊಮ್ಮಕ್ಕಳು ಈಗಲೂ ನಂಬುವುದಿಲ್ಲ.

ತವರಿನಲ್ಲಿ ಕಸವನ್ನು ಎಲ್ಲಿ ಹಾಕಬೇಕು ಎಂದು ಯೋಚಿಸಿದವಳೇ ಅಲ್ಲ ನಾನು. ಒಲೆಯ ಬೂದಿ ಪಾತ್ರೆ ತಿಕ್ಕಲು, ಕಾಯಿಪಲ್ಯದ ಸಿಪ್ಪೆ ಎಮ್ಮೆಗೆ, ಹರಿದ ಸೀರೆ ಕೌದಿಗೆ. ಮಿಕ್ಕದ್ದೆಲ್ಲ ಹಿತ್ತಲ ತಿಪ್ಪೆಗೆ, ತಿಪ್ಪೆ ಬಾಳೆಯ ಬುಡಕ್ಕೆ. ನಮ್ಮ ಕಡೆಯ ಕೆಂಪು ಬಾಳೆ ಹೊಟ್ಟೆಬಾಕ ಗಿಡ, ಎಷ್ಟು ಗೊಬ್ಬರ ಹಾಕಿದರೂ ಇನ್ನಷ್ಟು ಬೇಡುತ್ತದೆ. ಹೀಗಾಗಿ ಬ್ರಹ್ಮಪುರದ ಮನೆಯಲ್ಲಿ ಮೊದಲ ಮುಂಜಾನೆ ಪಡಸಾಲೆ ಗುಡಿಸಿ, ಬುಟ್ಟಿ ಹಿಡಿದು ಅತ್ತೆಯನ್ನು ಕೇಳಿದೆ:

“ಅತ್ತೀ, ತಿಪ್ಪಿ ಎಲ್ಲಿ ಅದ ರೀ?”

ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. “ಕೇಳ್ರಿಲ್ಲಿ, ಬ್ರಹ್ಮಪುರದಾಗ ತಿಪ್ಪಿ ಹುಡುಕ್ಲಾಕತ್ತಾಳ ನಿಮ್ಮ ಸೊಸಿ!” ಎಂದು ಮಾವನಿಗೆ ಕೂಗಿ ಹೇಳಿದರು. ಅದು ಅರ್ಧ ಓಣಿಗೆ ಕೇಳಿಸಿತು. ನಾನು ಬುಟ್ಟಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಓಣಿಯ ತುದಿಯಲ್ಲಿ ಒಂದು ಬಿದ್ದ ಗೋಡೆಯಿತ್ತು. ಎಲ್ಲರೂ ಅದರ ಪಕ್ಕ ಕಸ ಚೆಲ್ಲಬೇಕು, ಬಲ್ದಿಯಾದ ಬಂಡಿ ಬಂದು ಒಯ್ಯಬೇಕು. ಮುನಿಸಿಪಾಲಿಟಿಗೆ ಆಗ ನಾವು ಬಲ್ದಿಯಾ ಎನ್ನುತ್ತಿದ್ದೆವು. ಬಂಡಿ ಯಾವ ದಿನ ಬರುತ್ತದೆ ಎಂಬುದು ಎತ್ತುಗಳಿಗೂ ಗೊತ್ತಿರಲಿಲ್ಲ. ಬಂದಾಗಲೂ ಅದರ ತಳದ ಹಲಗೆ ಸಡಿಲ. ತುಂಬಿಕೊಂಡದ್ದರಲ್ಲಿ ಒಂದಿಷ್ಟನ್ನು ಓಣಿಯುದ್ದಕ್ಕೂ ಉದುರಿಸುತ್ತ ಹೋಗುತ್ತಿತ್ತು. ಬೇಸಿಗೆಯ ಗಾಳಿ ಎದ್ದರೆ ಮುಗಿಯಿತು. ಮುಂಜಾನೆ ಚೆಲ್ಲಿಬಂದ ಉಳ್ಳಾಗಡ್ಡಿ ಸಿಪ್ಪೆ ಮಧ್ಯಾಹ್ನದೊಳಗೆ ಅಂಗಳಕ್ಕೆ ವಾಪಸು ಬಂದಿರುತ್ತಿತ್ತು.

ಮಾವ ಒಮ್ಮೆ ದೂರು ಹೇಳಲು ಬಲ್ದಿಯಾಕ್ಕೆ ಹೋಗಿಬಂದರು. ಮಾವ ಮಾತು ಕಡಿಮೆಯ ಮನುಷ್ಯ. ಬಂದು ಪಗಡಿ ಗೂಟಕ್ಕೆ ಹಾಕಿ ಹೇಳಿದರು: “ಹೊಸಾ ಸಾಹೇಬರಿಗಿ ಉರ್ದು ಬರಂಗಿಲ್ಲ. ಹಳೀ ಗುಮಾಸ್ತಗ ಉರ್ದು ಬಿಟ್ರ ಬ್ಯಾರೆ ಬರಂಗಿಲ್ಲ. ಇಬ್ಬರೂ ಕೂಡಿ ನನಗ ಚಹಾ ಕುಡಿಸಿ ಕಳಿಸ್ಯಾರ.”

ಪಕ್ಕದ ಮನೆಯಲ್ಲಿ ಒಬ್ಬ ಮುಸಲ್ಮಾನ ಹಿರಿಯ ಹೆಂಗಸಿದ್ದರು. ಓಣಿಯ ಎಲ್ಲರೂ ಅವರನ್ನು ಖಾಲಾ ಎಂದೇ ಕರೆಯುತ್ತಿದ್ದರು. ಅವರ ಮಗ ದರ್ಗಾದ ಹತ್ತಿರದ ರೋಜಾ ಮೊಹಲ್ಲಾದಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ. ಇವರು ಮನೆಯಲ್ಲಿ ಆಡು ಸಾಕಿದ್ದರು. ಪೋಲೀಸ್ ಆಕ್ಷನ್ ಆದಾಗ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಖಾಲಾ ಮತ್ತು ಅವರ ಸೊಸೆ ನಮ್ಮ ಅಡಿಗೆಮನೆಯಲ್ಲಿ ಮಲಗಿದ್ದರಂತೆ. ಅದಕ್ಕೂ ಮೊದಲು, ರಜಾಕಾರರ ಕಾಲದಲ್ಲಿ, ಅತ್ತೆಯ ತಾಮ್ರ ಹಿತ್ತಾಳೆಯೆಲ್ಲ ಖಾಲಾರ ಮನೆಯಲ್ಲಿತ್ತಂತೆ. ಇದನ್ನು ನನಗೆ ಹೇಳಿದವರು ಮಾವ. ಆ ಇಬ್ಬರು ಹೆಂಗಸರು ಈ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ. ಅವರ ಮಾತೆಲ್ಲ ಹಾಲು, ಹಪ್ಪಳ, ಮತ್ತು ಬಾರದ ಬಂಡಿಯ ಸುತ್ತಲೇ ಇರುತ್ತಿತ್ತು.

ಶ್ರಾವಣದ ಹೊತ್ತಿಗೆ ಅಪ್ಪ ಬಾಳೆಗೊನೆ ಮಾರಲು ಬಂಡಿ ಕಟ್ಟಿಕೊಂಡು ಕಲಬುರಗಿಗೆ ಬಂದ. ಗೊನೆಗಳನ್ನು ಪ್ಯಾಟೆಯಲ್ಲಿ ಇಳಿಸಿ ಮನೆಗೆ ಬಂದಾಗ ಬಿದ್ದ ಗೋಡೆಯ ಪಕ್ಕ ಮಳೆಗೆ ನೆನೆದು ಕೊಳೆತ ರಾಶಿಯನ್ನು ನೋಡಿದ. ಮಗಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದ.

“ಮಗಳ, ಇದು ಯಾರದು?”

“ಯಾರದೂ ಅಲ್ಲಪ್ಪಾ. ಬಲ್ದಿಯಾದವರು ಒಯ್ಯಬೇಕು, ಒಯ್ಯಂಗಿಲ್ಲ.”

“ಖಾಲಿ ಬಂಡಿ ಹೊಡ್ಕೊಂಡು ಹೊಂಟೀನಿ. ನಾ ಒಯ್ಯಲೇನು?”

ಅತ್ತೆ ಬಾಗಿಲ ಮರೆಯಿಂದ ಕೇಳಿಸಿಕೊಂಡರು. ಬೀಗರ ಎದುರು ಬಂದು ಮಾತಾಡುತ್ತಿರಲಿಲ್ಲ ಅವರು. ಅದಕ್ಕೊಂದು ಕಾರಣವಿತ್ತು. ನನ್ನ ಮದುವೆ ಕಮಲಾಪುರದಲ್ಲಿ ಆದಾಗ ಬೆಲ್ಲವೂ ಗೋಧಿಯೂ ಸಿಗದ ಕಾಲ. ಹೇಗೋ ಹೊಂದಿಸಿ ಹೋಳಿಗೆ ಮಾಡಿಸಿದ್ದರು. ಅದು ಬಡಿಸುತ್ತ ಬಡಿಸುತ್ತ ಗಂಡಿನ ತಾಯಿಯ ಎಲೆಯ ಹತ್ತಿರ ಬರುವಾಗ ಮುಗಿದುಹೋಯಿತು. ಅಂದೇ ಅತ್ತೆ, ಇನ್ನು ಬೀಗರ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನಿಶ್ಚಯಿಸಿಬಿಟ್ಟಿದ್ದರು. ನನ್ನ ತವರಿನಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಗಂಡ ನನಗೆ ಗುಟ್ಟಾಗಿ ಹೇಳಿದ್ದ, ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಅಂಥ ಅತ್ತೆ ಒಳಗಿನಿಂದಲೇ ಹೇಳಿದರು: “ಒಯ್ಯಲಿ ಬಿಡು. ಅವರ ಮನಿಯಿಂದ ಒಂದಾದರೂ ಉಪಕಾರ ಆಗಲಿ.”

ಅಪ್ಪ ಒಯ್ದ. ನಾಲ್ಕಾರು ದಿನ ಓಣಿ ಹಬ್ಬದ ಹಾಗೆ ಇತ್ತು.

ಮುಂದಿನ ಸಲ ಬಂದಾಗ ದಾರಿಯ ಕತೆ ಹೇಳಿದ. ಹುಮನಾಬಾದ್ ರಸ್ತೆಯ ನಾಕಾದಲ್ಲಿ ಸಿಪಾಯಿ ಬಂಡಿ ತಡೆದನಂತೆ. ಜೋಳ ಊರು ದಾಟಿಸಬೇಕಾದರೆ ಪರವಾನಗಿ ಬೇಕಾಗಿದ್ದ ದಿನಗಳು ಅವು.

“ಕ್ಯಾ ಹೈ ಗಾಡಿ ಮೇ?”

“ಕಸ ರೀ ಸಾಹೇಬ್ರ. ಕಮಲಾಪುರಕ್ಕ ಒಯ್ಲಾಕತ್ತೀನಿ.”

“ಕಚರಾ? ಕಮಲಾಪುರ ತನಕಾ ಕಚರಾ ಯಾವನ್ ಒಯ್ತಾನೋ? ಮ್ಯಾಲ ಕಸ, ಕೆಳಗ ಜೋಳ. ನಮಗ ತಿಳಿಯಂಗಿಲ್ಲೇನು? ಇಳಸು!”

ಅಪ್ಪ ಎತ್ತು ಬಿಚ್ಚಿ, ಬಂಡಿಯ ಮೂಕಿ ಎತ್ತಿ, ಇಡೀ ಓಣಿಯ ಕಸವನ್ನು ನಾಕಾದ ಬಾಗಿಲಲ್ಲೇ ಸುರಿದ. ಸಿಪಾಯಿ ಮೂಗಿಗೆ ಕರವಸ್ತ್ರ ಹಿಡಿದು ಕೋಲಿನಿಂದ ತಿವಿದು ನೋಡಿದ. ಸುರಿದಷ್ಟೂ ಕಸವೇ.

“ಹಾಂ, ತುಂಬಕೊಂಡ್ ನಡಿ.”

“ನಡೀತೀನ್ರಿ. ಇರೂದು ಒಂದೇ ಬುಟ್ಟಿ, ನಾ ಒಬ್ಬವ. ತುಂಬೂದರಾಗ ಹೊತ್ತು ಮುಣಗ್ತದ. ಅವಸರ ಇದ್ರ ನೀವೂ ಕೈ ಹಚ್ಚರಿ.”

ಆ ವಾಸನೆಯಲ್ಲಿ ಸಂಜೆಯ ತನಕ ಕೂಡುವುದಕ್ಕಿಂತ ಅದೇ ವಾಸಿ ಎಂದು ಸಿಪಾಯಿ ಕೋಟು ಬಿಚ್ಚಿಟ್ಟು ತುಂಬಿಸಿಕೊಟ್ಟನಂತೆ. ಆ ಮೇಲೆ ಅಪ್ಪನ ಬಂಡಿ ದೂರದಲ್ಲಿ ಕಂಡರೆ ಸಾಕು, “ಜಾವ್ ಜಾವ್!” ಎಂದು ಕೈ ಬೀಸುತ್ತಿದ್ದ. ಇದನ್ನು ಕೇಳಿ ಬಾಗಿಲ ಮರೆಯಲ್ಲಿ ಅತ್ತೆ ನಕ್ಕದ್ದು ಅಪ್ಪನಿಗೂ ಕೇಳಿಸಿತು.

ಹೀಗೆ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ನಮ್ಮ ಕಸ ಕಮಲಾಪುರಕ್ಕೆ ಹೋಗತೊಡಗಿತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅಪ್ಪ ಕುಂಟುತ್ತ ಬಂದ. ತೋಟದಲ್ಲಿ ಬರಿಗಾಲಿಗೆ ಕಂದೀಲಿನ ಗಾಜು ಚುಚ್ಚಿತ್ತು.

“ಮಗಳ, ಗಾಜು ಅದ, ತಗಡ ಅದ, ಒಡದ ಬಳಿ ಅದ. ನನ್ನ ಬಾಳಿಗಿಡಕ್ಕ ಬಳಿ ಬ್ಯಾಡವಾ. ಕೊಳ್ಯೂದಷ್ಟೇ ಕೊಡ್ರಿ.”

ಅಲ್ಲಿಂದ ನನ್ನ ಕಷ್ಟ ಸುರುವಾಯಿತು. ಹೊಸ ಸೊಸೆ ನಾನು. ಮನೆ ಮನೆಗೆ ಹೋಗಿ, ಕೊಳೆಯುವುದು ಒಂದು ಬುಟ್ಟಿಗೆ, ಗಾಜು ತಗಡು ಇನ್ನೊಂದಕ್ಕೆ ಹಾಕಿ ಎಂದು ಹೇಳಬೇಕು. ಒಬ್ಬಾಕೆ, “ಚೆಲ್ಲೂ ಕಸಕ್ಕೂ ಮಡಿ ಮೈಲಿಗಿ ಸುರು ಮಾಡ್ಯಾಳ ನೋಡವಾ” ಎಂದು ನಕ್ಕಳು. ಇನ್ನೊಬ್ಬಾಕೆ ತಲೆಯಾಡಿಸಿ ಒಪ್ಪಿ, ಮರುದಿನ ಬದನೆಕಾಯಿ ತೊಟ್ಟಿನ ನಡುವೆ ಒಡೆದ ಗಡಿಗೆಯನ್ನೇ ಕೂಡಿಸಿ ಕಳಿಸಿದಳು. ರೋಜಾ ಕಡೆಯಿಂದ ಚೀಲ ಹೊತ್ತು “ಭಂಗಾರ್” ಎಂದು ಕೂಗುತ್ತ ಬರುವ ಹಳೇ ಸಾಮಾನಿನವನು ಕಬ್ಬಿಣ, ತಗಡು ತಗೊಂಡು ಬದಲಿಗೆ ಖರ್ಜೂರ ಕೊಡುತ್ತಿದ್ದ. ಒಡೆದ ಗಾಜು ತೋರಿಸಿದರೆ ಮಾತ್ರ ಚೀಲದ ಬಾಯಿ ಬಿಗಿಹಿಡಿದು ಓಡುತ್ತಿದ್ದ. ಆ ಗಾಜನ್ನು ಏನು ಮಾಡಬೇಕೆಂದು ತಿಳಿಯದೆ ಹಿತ್ತಲ ಮೂಲೆಯಲ್ಲಿ ಗುಡ್ಡೆ ಹಾಕಿದೆ.

ನಾನು ಸೋತು ಕೂತಾಗ ಎದ್ದುಬಂದವರು ಖಾಲಾ. ಅವರ ಆಡಿನ ಹಿಕ್ಕೆಗೆ ಅಪ್ಪ ಬಹಳ ಮರ್ಯಾದೆ ಕೊಡುತ್ತಿದ್ದ. ಅದನ್ನು ಬೇರೆ ಚೀಲದಲ್ಲಿ, ಎತ್ತಿನ ಬೆನ್ನ ಹಿಂದೆ, ಮಗುವನ್ನು ಕೂರಿಸಿದ ಹಾಗೆ ಇಟ್ಟುಕೊಂಡು ಹೋಗುತ್ತಿದ್ದ. ಆ ಅಭಿಮಾನಕ್ಕೋ ಏನೋ, ಖಾಲಾ ಮುಂಜಾನೆ ಓಣಿಯ ಬಾಯಲ್ಲಿ ಕೂಡತೊಡಗಿದರು.

“ಅರೇ ಬೇಟಿ, ಬುಟ್ಟಿ ತೋರಸು ಇಲ್ಲಿ. ಯೇ ಕ್ಯಾ, ಗಾಜು? ನಕ್ಕೋ, ನಕ್ಕೋ! ಮನಿಗಿ ಒಯ್ದು ಆರಸಿ ತಾ. ಪಾಪ, ಆ ಮನಶಾ ಕಾಲು ಕೊಯ್ಕೊಂಡಾನ.”

ಖಾಲಾರ ಎದುರು ಯಾರೂ ಎದುರಾಡುತ್ತಿರಲಿಲ್ಲ. ಖಾಲಾ ಕೂತ ಮೇಲೆ ಅತ್ತೆ ಸುಮ್ಮನಿರುತ್ತಾರೆಯೇ? ಅವರೂ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಕೊನೆಗೆ ನನಗಿಂತ ಅತ್ತೆಗೇ ಕಸದ ಹುಚ್ಚು ಹೆಚ್ಚಾಯಿತು. ಮಾವ ಎಲೆಅಡಿಕೆಯ ತೊಟ್ಟನ್ನು ಅತ್ತಿತ್ತ ಎಸೆದರೂ ಬಯ್ಯುತ್ತಿದ್ದರು.

ಆ ಹುಚ್ಚಿನಲ್ಲೇ ಅನಾಹುತವಾಯಿತು. ಅತ್ತೆಗೆ ಅವರ ತವರಿನಿಂದ ಬಂದ ಒಂದು ಕೆಂಪು ಹರಳಿನ ಬಂಗಾರದ ಮೂಗುತಿಯಿತ್ತು. ತೊಳೆಯಬೇಕೆಂದು ಅದನ್ನು ತೆಗೆದು, ತೆಂಗಿನ ಚಿಪ್ಪಿನಲ್ಲಿ ಅಂಟವಾಳದ ನೀರಿಗೆ ಹಾಕಿ ಇಟ್ಟಿದ್ದರು. ಅಷ್ಟರಲ್ಲಿ ಅಪ್ಪನ ಬಂಡಿ ಬಂತು. ಎಲ್ಲವನ್ನೂ ಸರಿಯಾಗಿ ಆರಿಸಿ ಕೊಡುವ ಉತ್ಸಾಹದಲ್ಲಿ ಅತ್ತೆ ತಾವೇ ಆ ಚಿಪ್ಪನ್ನು ನೊರೆ, ಸಿಪ್ಪೆ ಸಮೇತ ಕೊಳೆಯುವ ಬುಟ್ಟಿಗೆ ಹಾಕಿದರು. ಬಂಡಿ ಹೋಯಿತು. ಸಂಜೆ ಮೂಗು ಮುಟ್ಟಿಕೊಂಡರು. ಎಲ್ಲಿಟ್ಟೆನೋ ಎಂದು ಎರಡು ದಿನ ಮನೆ ತಲೆಕೆಳಗು ಮಾಡಿದರು. ಮೂರನೆಯ ದಿನ ಚಿಪ್ಪಿನ ನೆನಪಾಯಿತು. ನಡುಮನೆಯಲ್ಲಿ ಕೂತು ಅಳುತ್ತಿದ್ದ ಅತ್ತೆಯನ್ನು ನೋಡಿ ಮಾವ ಹೇಳಿದರು:

“ಭಂಗಾರದ ಜೋಡಿ ಬಂಗಾರಾನೂ ಕಳಿಸಿದಿ. ಇನ್ನ ನೀನೂ ಹೋಗಿ ಬಾ.”

“ಅವರ ಮನಿಗಿ ನಾ ಹೋಗಂಗಿಲ್ಲ.”

“ಹಂಗಾದ್ರ ಮೂಗುತಿ ಆಸೆ ಬಿಡು.”

ಮರುದಿನ ಮುಂಜಾನೆ ನಾನೂ ಅತ್ತೆಯೂ ಮೋಟಾರು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಮಲಾಪುರದಲ್ಲಿ ಇಳಿದು ಮನೆಯ ಮುಂದೆ ನಿಂತೆವು. ಅವ್ವ ಕೈಯಲ್ಲಿದ್ದ ತಂಬಿಗೆ ಅಲ್ಲೇ ಇಟ್ಟು ಓಡಿಬಂದಳು.

“ಬರ್ರಿ ಬೀಗ್ತಿ, ಬರ್ರಿ! ನಮ್ಮ ಪುಣ್ಯೇವ!”

ಅತ್ತೆ ಹೊಸ್ತಿಲ ಹೊರಗೇ ನಿಂತು, ಬಿಗಿದ ಮುಖದಲ್ಲಿ ಹೇಳಿದರು: “ನಾ ನಿಮ್ಮ ಮನಿಗಿ ಬಂದಿಲ್ಲ. ನನ್ನ ಕಸಕ್ಕ ಬಂದೀನಿ.”

ಅವ್ವನಿಗೆ ಏನೂ ಅರ್ಥವಾಗಲಿಲ್ಲ. ನಾನು ನಡುವೆ ನುಗ್ಗಿ ಮೂಗುತಿಯ ಕತೆ ಹೇಳಿದೆ. ಅವ್ವ “ಅಯ್ಯ ಶಿವನೇ” ಎಂದವಳು ಒಳಗೆ ಹೋಗಿ ಜರಡಿ, ಎರಡು ಮೊರ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ತಿಪ್ಪೆಗೆ ನಡೆದಳು. ಅತ್ತೆ ಹೊಸ್ತಿಲು ತುಳಿಯದೆ, ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದರು.

ಪುಣ್ಯಕ್ಕೆ ಈ ಸಲದ ಬಂಡಿಯ ಕಸವನ್ನು ಅಪ್ಪ ತಿಪ್ಪೆಯ ಒಂದು ಬದಿಗೆ ಸುರಿದಿದ್ದ. ಇಬ್ಬರೂ ಎದುರುಬದುರು ಕೂತು ಹಿಡಿ ಹಿಡಿಯಾಗಿ ತೆಗೆದು ಮೊರಕ್ಕೆ ಹಾಕಿ ಕೇರತೊಡಗಿದರು. ನಾನು ಕೇರಿದ್ದನ್ನು ಬೇರೆ ಕಡೆ ಒಯ್ದು ಸುರಿಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅತ್ತೆಗೆ ಬಾಯಿ ತಡೆಯಲಾಗಲಿಲ್ಲ. ಅದು ಅವರ ಓಣಿಯ ಕಸ. ಒಂದೊಂದೂ ಯಾರ ಮನೆಯದೆಂದು ಅವರಿಗೆ ಗೊತ್ತು.

“ಈ ಹುಣಸಿ ಬೀಜ ಮೂಲಿಮನಿಯಾಕಿದು. ಊರ ಹುಣಸಿ ಎಲ್ಲಾ ಆಕೀನೇ ತಿಂತಾಳ.”

“ಹೌದೇನ್ರಿ?”

“ಇಲ್ನೋಡ್ರಿ, ಬದಾಮಿ ಸಿಪ್ಪಿ! ಎದುರುಮನಿಯಾಕಿದು. ನಮ್ಮ ಮುಂದ ದಿನಾ ಬಡತನ ಹೇಳ್ತಾಳ!”

ಅವ್ವ ನಕ್ಕಳು. ಖಾಲಾರ ಹಿತ್ತಾಳೆಯ ಚಮಚ ಸಿಕ್ಕಿತು. ನಾನೇ ಕಳೆದಿದ್ದೇನೆ ಎಂದು ಗಂಡ ಜಗಳ ತೆಗೆದಿದ್ದ ಅವನ ಮೀಸೆಕತ್ತರಿ ಸಿಕ್ಕಿತು. ಮೂಗುತಿ ಸಿಗಲಿಲ್ಲ. ಬಿಸಿಲೇರಿದಾಗ ಅವ್ವ ಅಲ್ಲೇ ಬಾಳೆಯ ನೆರಳಿಗೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಅತ್ತೆ ಮೊದಲು ಬೇಡವೆಂದರು. ಆ ಮೇಲೆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ತಿನ್ನುತ್ತ ತಿನ್ನುತ್ತ ಇದ್ದಕ್ಕಿದ್ದಂತೆ ಹೇಳಿಯೇಬಿಟ್ಟರು:

“ನಿಮ್ಮ ಮಗಳ ಮದಿವ್ಯಾಗ ನನ್ನ ಎಲಿಗಿ ಹೋಳಿಗಿ ಬರಲಿಲ್ಲ ನೋಡ್ರಿ.”

ಅವ್ವ ತೊಡೆಗೆ ಬಡಿದುಕೊಂಡು ನಗತೊಡಗಿದಳು. ಅವಳಿಗೆ ನಗು ಬಂದರೆ ಬೇಗ ನಿಲ್ಲುವುದಿಲ್ಲ.

“ಯಕ್ಕಾ, ನನಗೂ ಬರಲಿಲ್ಲರಿ! ಎಲ್ಲಾರದೂ ಆದ ಮ್ಯಾಲ ನೋಡ್ತೀನಿ, ಬುಟ್ಟ್ಯಾಗ ಬರೇ ಬಟ್ಟಿ! ಹೆಣ್ಣಿನ ತಾಯಿ ನಾನು, ಅಳಬೇಕೋ ನಗಬೇಕೋ? ಅಡಿಗಿಮನ್ಯಾಗ ಹೂರಣದ ಬೋಗಾಣಿ ಕೆರಕೊಂಡು ತಿಂದೆ.”

ಅತ್ತೆ ಕಣ್ಣರಳಿಸಿದರು. “ನಿಮಗೂ ಇಲ್ಲೇನು?”

“ಇಲ್ಲರಿ!”

“ಬೋಗಾಣಿ ಕೆರಿಯಾಕಾದ್ರೂ ನನ್ನ ಕರೀಬೇಕಿತ್ತಿಲ್ಲೋ!”

ಇಬ್ಬರೂ ನಕ್ಕರು. ಸಾಲಿನಲ್ಲಿ ನೀರು ಕಟ್ಟುತ್ತಿದ್ದ ಅಪ್ಪ ಸಲಿಕೆ ಹಿಡಿದು ಏನಾಯಿತೆಂದು ನೋಡಲು ಬಂದ. ಇಬ್ಬರೂ ಅವನನ್ನು ನೋಡಿ ಇನ್ನಷ್ಟು ನಕ್ಕರು. ಅವನು ಹಾಗೇ ತಿರುಗಿ ಹೋದ. ಸಂಜೆ ಅತ್ತೆ ಕೈಕಾಲು ತೊಳೆದು, ಮುಂಬಾಗಿಲಿನಿಂದಲೇ ಒಳಗೆ ಬಂದರು.

ಮರುದಿನವೂ ಹುಡುಕಿದೆವು. ಅದರ ಮರುದಿನವೂ. ಕೇರಿದ್ದನ್ನೇ ಮತ್ತೆ ಕೇರುವುದು, ನಡುನಡುವೆ ಬದನೆಗಿಡಕ್ಕೆ ಹುಳ ಬಿದ್ದದ್ದರ ಮಾತು, ಹೆರಿಗೆಯ ಮಾತು, ಸತ್ತವರ ಮಾತು. ಮೂಗುತಿಯ ವಿಷಯ ಕಡಿಮೆಯಾಗುತ್ತ ಬಂತು. ನನಗೋ ಒಳಗೊಳಗೆ ಸಂಕಟ. ಸಿಗದೆ ಹೋದರೆ ಮಾವನಿಗೆ ಏನು ಹೇಳುವುದು? “ನಾಳೆ ಇನ್ನೊಮ್ಮೆ ನೋಡೂಣು” ಎಂದು ಅತ್ತೆಯೇ ಸಮಾಧಾನ ಹೇಳುತ್ತಿದ್ದರು. ಕೊನೆಗೆ ಅವ್ವ ಉಡಿ ತುಂಬಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ನಮ್ಮನ್ನು ಮೋಟಾರು ಹತ್ತಿಸಿದಳು. ನಾನು ಮಂಕಾಗಿ ಕೂತಿದ್ದೆ. ಊರು ದಾಟಿದ ಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿ, ಮೂಗುತಿ ತೆಗೆದು ಏರಿಸಿಕೊಂಡು, ತಿರುಪು ಬಿಗಿ ಮಾಡಿದರು.

“ಅತ್ತೀ! ಯಾವಾಗ ಸಿಕ್ತು ರೀ?”

“ಮೊದಲನೇ ದಿನಾನ. ಉಂಡು ಎದ್ದಮ್ಯಾಲ ಕೈ ಹಾಕಿದೆ, ಸಿಕ್ತು.”

“ಮತ್ತ ಎರಡ ದಿನ ನಾವು ಹುಡುಕಿದ್ದು?”

“ಸಿಕ್ತು ಅಂದಿದ್ರ ಮರುದಿನಾನೇ ಹೊಂಡಬೇಕಾಗ್ತಿತ್ತಲ್ಲ? ಎಷ್ಟು ವರ್ಷ ಆಗಿತ್ತು ಹಂಗ ಕುಂತು ಮಾತಾಡಿ.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. “ನಿಮ್ಮವ್ವಗ ಹೇಳಬ್ಯಾಡ.”

ನಾನು ಹೇಳಿದೆ, ಮುಂದಿನ ಸಲ ಹೋದಾಗಲೇ. ಅವ್ವ, “ನಾ ನೋಡೀನವಾ, ಆಕಿ ಗಂಟು ಹಾಕ್ಕೊಳ್ಳೂದು” ಎಂದಳು. ಅವಳೂ ಸುಮ್ಮನಿದ್ದಳು!

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮುಂಚೆ, ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳಲ್ಲಿ, ಬಲ್ದಿಯಾಕ್ಕೆ ಒಳ್ಳೆಯ ದಿನ ಬಂತು. ತಗಡು ಬಡಿದ ಹೊಸ ಬಂಡಿ ಗಂಟೆ ಬಾರಿಸುತ್ತ ಹೆಚ್ಚುಕಡಿಮೆ ದಿನವೂ ಬರತೊಡಗಿತು. ಮೊದಲ ದಿನ ಅತ್ತೆ ಬಹಳ ಸಂಭ್ರಮದಿಂದ ಎರಡು ಬುಟ್ಟಿ ಹಿಡಿದು ನಿಂತರು. ಒಂದರಲ್ಲಿ ಕೊಳೆಯುವುದು, ಇನ್ನೊಂದರಲ್ಲಿ ಹಿತ್ತಲ ಮೂಲೆಯ ಗಾಜು. ಬಂಡಿಯವನು ಎರಡನ್ನೂ ತೆಗೆದುಕೊಂಡು ಒಂದರ ಮೇಲೊಂದು ಒಟ್ಟಿಗೇ ಸುರಿದುಬಿಟ್ಟ.

“ಏ ತಮ್ಮಾ! ಏನ್ ಮಾಡಿದಿ? ಇಷ್ಟು ವರ್ಷ ಆರಿಸಿದ್ದು ಯಾತಕ್ಕೋ?”

“ಎಲ್ಲಾ ಒಂದೇ ಕುಣಿಗಿ ಬೀಳೂದು, ಯವ್ವಾ.”

“ಹಂಗಾದ್ರ ಎರಡು ಕುಣಿ ತೋಡ್ರಿ ಅಂತ ಹೇಳು ನಿಮ್ಮ ಸಾಹೇಬಗ!”

“ಹೇಳ್ತೀನ್ರಿ” ಎಂದು ಅವನು ಎತ್ತಿನ ಬಾಲ ತಿರುವಿದ. ಖಾಲಾ ಬಾಗಿಲಲ್ಲಿ ನಿಂತು ಅವನಿಗೆ ಉರ್ದುವಿನಲ್ಲಿ ಇನ್ನೂ ಒಂದಿಷ್ಟು ಹೇಳಿದರು. ಅದು ಅವನ ಕಿವಿಗೆ ಬಿತ್ತೋ ಇಲ್ಲವೋ.

ಮರುದಿನ ಅವನಿಗೆ ಸಿಕ್ಕದ್ದು ಗಾಜಿನ ಬುಟ್ಟಿ ಮಾತ್ರ. ಆ ಮೇಲೂ ಅಷ್ಟೇ. ಬಲ್ದಿಯಾದ ಬಂಡಿ ಬಾಗಿಲಿಗೆ ಬಂದರೂ ನಮ್ಮ ಓಣಿಯ ಅರ್ಧ ಮನೆಗಳ ಕೊಳೆಯುವ ಕಸ ಅಪ್ಪನ ಬಂಡಿಗೇ ಕಾಯುತ್ತಿತ್ತು. ಅಪ್ಪನ ಕಣ್ಣು ಮಂಜಾಗಿ ಅವನು ಕಲಬುರಗಿಗೆ ಬರುವುದು ನಿಲ್ಲುವ ತನಕವೂ ಅದು ನಡೆಯಿತು. ಅಪ್ಪನ ಬಂಡಿ ತಡವಾದ ದಿನಗಳಲ್ಲಿ ವಾಸನೆಯ ಸಲುವಾಗಿ ಅತ್ತೆಗೂ ಮಾವನಿಗೂ ಜಗಳವಾಗುತ್ತಿತ್ತು. ಆಗೆಲ್ಲ ಅತ್ತೆ ಸೀರೆ ಬದಲಿಸಿ, ಬಂಡಿ ಯಾಕೆ ಬರಲಿಲ್ಲವೆಂದು ಬೀಗ್ತಿಯನ್ನೇ ಕೇಳಿ ಬರುತ್ತೇನೆಂದು ಮೋಟಾರು ಹತ್ತಿ ಕಮಲಾಪುರಕ್ಕೆ ಹೋಗಿಬಿಡುತ್ತಿದ್ದರು.